ಗೋರೆಗಾಂವಿನಲ್ಲಿ ಬಾಡಿಗೆ ಸ್ಟಾಲ್ ಕಟ್ಟಿದ್ದು

ಎಕ್ಸಿಬಿಷನ್ ಸ್ಟಾಲನ್ನ ಬಾಡಿಗೆಗೆ ತಗೊಳ್ಳಿ ಅಂದ್ರೆ ನಮ್ಮ ಕಡೆಯ ಸಣ್ಣ ಫ್ಯಾಕ್ಟರಿಯೋರು ಎಷ್ಟೋ ಜನ ಮೂಗು ಮುರೀತಾರೆ. ಬಾಡಿಗೆ ಅಂದ ತಕ್ಷಣ ಅವರ ಕಣ್ಮುಂದೆ ಬರೋದು ಆರ್ಗನೈಸರ್ ಕೊಡೋ ಶೆಲ್ ಸ್ಕೀಮು, ಮೂರು ಬೈ ಮೂರು ಮೀಟರ್ ಜಾಗ, ಬಿಳೀ ಪ್ಯಾನೆಲ್ ಗೋಡೆ, ಮುಂದೆ ಫೇಸಿಯಾ ಪಟ್ಟಿ ಮೇಲೆ ಎಲ್ಲರದ್ದೂ ಒಂದೇ ಅಕ್ಷರದಲ್ಲಿ ಕಂಪನಿ ಹೆಸರು, ಒಂದು ಟೇಬಲ್, ಎರಡು ಕುರ್ಚಿ, ಸ್ಪಾಟ್‌ಲೈಟು, ಕಸದ ಬುಟ್ಟಿ. ಅದೇ ಅಲ್ಯೂಮಿನಿಯಂ ಕಂಬ, ಅದೇ ಬೀಮು ಇಟ್ಕೊಂಡು ಜನ ನಿಂತು ನೋಡೋ ಹಂಗೆ ಸ್ಟಾಲ್ ಕಟ್ಟಬಹುದು ಅನ್ನೋದು ನನಗೆ ಪೂರ್ತಿ ಖಾತ್ರಿ ಆಗಿದ್ದು ಬೆಳಗಾವಿಯ ಒಂದು ಹೈಡ್ರಾಲಿಕ್ಸ್ ಕಂಪನಿಗೆ ಮುಂಬೈ ಗೋರೆಗಾಂವಿನ ನೆಸ್ಕೋ ಎಕ್ಸಿಬಿಷನ್ ಹಾಲ್‌ನಲ್ಲಿ ಕೆಲಸ ಮಾಡಿದಾಗ, ಅದನ್ನೇ ಇಲ್ಲಿ ಬರೀತಿದೀನಿ.

ನಮ್ಮ ಊರು ಕುಂದಾಪುರದ ಹತ್ತಿರ, ಕೆಲಸ ಮುಂಬೈಲಿ. ಆಫೀಸು ಜೋಗೇಶ್ವರೀಲಿ, ಸಾಮಾನೆಲ್ಲಾ ಭಿವಂಡಿ ಗೋಡೌನಲ್ಲಿ. ಕಂಪ್ಯೂಟರಲ್ಲಿ ತ್ರೀಡಿ ಡಿಸೈನ್ ಮಾಡೋದೂ ನಾನೇ, ಆಮೇಲೆ ಹಾಲ್‌ನಲ್ಲಿ ರಾತ್ರಿ ನಿಂತು ಅದನ್ನ ಕಟ್ಟಿಸೋದೂ ನಾನೇ. ಬೆಳಗಾವಿಯೋರ ಫ್ಯಾಕ್ಟರಿ ಉದ್ಯಮಬಾಗ್‌ನಲ್ಲಿ, ಅಲ್ಲಿ ಫೌಂಡ್ರಿ, ಮಶೀನ್ ಶಾಪ್, ಹೈಡ್ರಾಲಿಕ್ಸ್ ಮಾಡೋರು ತುಂಬಾ ಜನ ಇದಾರೆ, ಗೊತ್ತಿರೋರಿಗೆ ಗೊತ್ತು. ಮಾಲೀಕರಿಗೆ ಅವರ ಹುಡುಗರೆಲ್ಲಾ ಸಾವ್ಕಾರ್ರು ಅಂತಿದ್ರು, ನಾನೂ ಹಂಗೇ ಕರೆಯೋಕೆ ಶುರು ಮಾಡ್ದೆ. ಫೋನಲ್ಲಿ ಮಾತಾಡಿದ ದಿನವೇ ಅವರು ವಾಟ್ಸಾಪಲ್ಲಿ ದೊಡ್ಡ ದೊಡ್ಡ ಕಂಪನಿಗಳ ಸ್ಟಾಲ್ ಫೋಟೋ ಕಳಿಸಿದ್ರು, ಎಲ್ಲಾ ಪ್ಲೈವುಡ್ ಎಂಡಿಎಫ್‌ನಲ್ಲಿ ಮಾಡಿ ಮಿರಮಿರ ಪೇಂಟ್ ಹೊಡೆದವು, ಕಮಾನು, ಬಾಗಿದ ಗೋಡೆ, ಮೇಲೆ ತೂಗೋ ಬೋರ್ಡು. "ನಮಗೂ ಹಿಂಗ ಬೇಕ್ ನೋಡ್ರಿ, ರೊಕ್ಕ ಮಾತ್ರ ಇಷ್ಟ ಐತಿ" ಅಂದ್ರು.

ಅವರು ಹೇಳಿದ ರೊಕ್ಕಕ್ಕೆ ಕಟ್ಟಿಗೆ ಸ್ಟಾಲ್ ಮಾಡಿದ್ರೆ ಏನಾಗುತ್ತೆ ಅಂತ ನನಗೆ ಗೊತ್ತಿತ್ತು. ಗೋಡೆ ಎಬ್ಬಿಸೋದ್ರಲ್ಲೇ ದುಡ್ಡು ಮುಗಿದು ಲೈಟು, ಪ್ರಿಂಟು, ಸಾಮಾನು ಇಡೋ ಪೀಠ ಇವಕ್ಕೆ ಏನೂ ಉಳಿಯಲ್ಲ, ಪುಟ್ಟಿ ಒಣಗೋಕೆ ಮುಂಚೆ ಪೇಂಟ್ ಹೊಡೆದು ಮೊದಲ ದಿನವೇ ಜಾಯಿಂಟ್ ಕಾಣಿಸ್ತಾ ಇರುತ್ತೆ, ಮೂರು ದಿನ ಆದ್ಮೇಲೆ ಎಲ್ಲಾ ಒಡೆದು ಹಾಕೋದು. ನಾನು ನೇರವಾಗಿ ಕೇಳ್ದೆ, ಸಾವ್ಕಾರ್ರೇ, ನಿಮ್ಮ ಸ್ಟಾಲಿಗೆ ಬಂದೋರು ಏನು ಮಾಡ್ಬೇಕು ಹೇಳಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು "ಪವರ್ ಪ್ಯಾಕ್ ಓಡೂದು ನೋಡಬೇಕ್ರಿ, ಆವಾಜ್ ಎಷ್ಟ್ ಕಮ್ಮಿ ಐತಿ ಕೇಳಬೇಕು, ವಾಲ್ವ್ ಬ್ಲಾಕ್ ಕೈಯಾಗ ಹಿಡದು ಫಿನಿಶಿಂಗ್ ನೋಡಬೇಕು" ಅಂದ್ರು. ಪವರ್ ಪ್ಯಾಕ್ ಅಂದ್ರೆ ಮೋಟಾರು, ಪಂಪು ಸೇರಿ ಎಣ್ಣೇನ ಒತ್ತಡದಲ್ಲಿ ತಳ್ಳೋ ಮಶೀನು, ವಾಲ್ವ್ ಬ್ಲಾಕ್ ಅಂದ್ರೆ ಆ ಎಣ್ಣೆ ಹರಿಯೋಕೆ ತೂತು ಕೊರೆದ ಲೋಹದ ಗಟ್ಟಿ. ಡಿಸೈನ್ ಅಲ್ಲೇ ಮುಗೀತು ಅಂತ ನನಗನ್ನಿಸ್ತು, ಆ ಮೂರು ಕೆಲಸಕ್ಕೆ ಕಮಾನು ಯಾಕೆ ಬೇಕು? ಬಾಡಿಗೆ ಕಂಬ, ಬೀಮಲ್ಲೇ ಕಟ್ಟೋದು ಅಂತಾಯ್ತು.

ಜಾಗ 36 ಚದರ ಮೀಟರ್, ಆರು ಬೈ ಆರು, ಮೂಲೆ ಸ್ಟಾಲು, ಮುಂದೆ ಮತ್ತೆ ಎಡಗಡೆ ದಾರಿ, ಹಿಂದೆ ಮತ್ತೆ ಬಲಕ್ಕೆ ಗೋಡೆ. ಹೆಚ್ಚಿನವರು ಮಶೀನನ್ನ ದಾರಿಯ ಅಂಚಿಗೇ ತಂದಿಡ್ತಾರೆ, ಜನಕ್ಕೆ ಕಾಣ್ಲಿ ಅಂತ. ಹಂಗೆ ಇಟ್ರೆ ನೋಡೋರು ದಾರೀಲೇ ನಿಲ್ತಾರೆ, ಹಿಂದಿನಿಂದ ಬರೋರು ತಳ್ತಾರೆ, ನೋಡ್ತಿದ್ದೋರು ಅರ್ಧಕ್ಕೇ ಮುಂದೆ ಹೋಗ್ಬಿಡ್ತಾರೆ, ಸ್ಟಾಲ್ ಒಳಗೆ ಸೇಲ್ಸ್ ಹುಡುಗರು ಖಾಲಿ ಕೂತಿರ್ತಾರೆ. ನಾನು ಪವರ್ ಪ್ಯಾಕನ್ನ ಬಲಗೋಡೆ ಹತ್ತಿರ, ಮುಂದಿನ ಅಂಚಿಂದ ಒಂದೂವರೆ ಮೀಟರ್ ಒಳಗೆ ಇಟ್ಟೆ. ನೋಡ್ಬೇಕು ಅನ್ನೋನು ಕಾಲು ಒಳಗಿಡ್ಲೇಬೇಕು, ಒಳಗೆ ಬಂದೋನ ಹತ್ರ ಮಾತು ಶುರು ಮಾಡೋದು ಸುಲಭ. ಅದೇ ಕಾರಣಕ್ಕೆ ಮುಂದುಗಡೆ ಅಡ್ಡ ಟೇಬಲ್ ಇಡೋದು ನನಗೆ ಆಗಲ್ಲ, ಅದು ಬ್ಯಾಂಕ್ ಕೌಂಟರ್ ತರ ಬಂದೋರನ್ನ ಆಚೆನೇ ನಿಲ್ಲಿಸಿಬಿಡುತ್ತೆ. ವಾಲ್ವ್ ಬ್ಲಾಕುಗಳಿಗೆ ಗಾಜಿನ ಪೆಟ್ಟಿಗೆ ಬೇಡ ಅಂದೆ, ಸೊಂಟದೆತ್ತರದ ಪೀಠದ ಮೇಲೆ ಬಿಚ್ಚಿಟ್ಟು ಪಕ್ಕದಲ್ಲಿ ಕೈ ಒರೆಸೋಕೆ ಬಟ್ಟೆ.

ಉಳಿದ ದುಡ್ಡನ್ನ ಲೈಟಿಗೆ ಹಾಕಿದ್ವಿ, ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ ಯಾಕಂದ್ರೆ ಇದನ್ನ ಯಾರೂ ತಲೆಗೆ ಹಾಕ್ಕೊಳ್ಳಲ್ಲ. ಮಶೀನಿಂಗ್ ಮಾಡಿದ ಸ್ಟೀಲಿನ ಮೇಲೆ ನೆತ್ತಿಯಿಂದ ಲೈಟ್ ಬಿದ್ರೆ ಒಂದು ಕಡೆ ಕಣ್ಣಿಗೆ ಹೊಡೆಯೋ ಬಿಳೀ ಚುಕ್ಕಿ, ಉಳಿದದ್ದೆಲ್ಲಾ ಕಪ್ಪು. ಹಳದಿ ಲೈಟ್ ಆದ್ರೆ ಹೊಸ ಪೀಸೂ ಹಳೇದ್ರ ತರ ಕಾಣುತ್ತೆ. 4000 ಕೆಲ್ವಿನ್, ಅಂದ್ರೆ ಹಳದಿಯೂ ಅಲ್ಲದ ನೀಲಿಯೂ ಅಲ್ಲದ ಬಿಳೀ ಎಲ್‌ಇಡಿಯನ್ನ ಪಕ್ಕದಿಂದ ಓರೆಯಾಗಿ ಬಿಟ್ರೆ ಪೋರ್ಟಿನ (ಎಣ್ಣೆ ತೂತಿನ) ಅಂಚು, ಕೊರೆದ ನಂಬರು, ಟೂಲ್ ಓಡಿದ ಸಣ್ಣ ಗೆರೆ ಎಲ್ಲಾ ಎದ್ದು ಬರುತ್ತೆ, ಆ ಫಿನಿಶಿಂಗೇ ಅಲ್ವಾ ಸಾವ್ಕಾರ್ರಿಗೆ ತೋರಿಸಬೇಕಾಗಿದ್ದು. ಹಿಂದಿನ ಗೋಡೇಲಿ ಮೂರು ಮೀಟರ್ ಅಗಲದ ಲೈಟ್ ಬಾಕ್ಸು, ಅಲ್ಯೂಮಿನಿಯಂ ಫ್ರೇಮು, ಅಂಚಿಗೆ ಸಿಲಿಕಾನ್ ಪಟ್ಟಿ ಹೊಲಿದ ಬಟ್ಟೆ ಪ್ರಿಂಟು, ಫ್ರೇಮಿನ ತೋಡಿಗೆ ಒತ್ತಿದ್ರೆ ಕೂತ್ಕೊಳ್ಳುತ್ತೆ, ಬಿಚ್ಚಿ ಮಡಚಿದ್ರೆ ಒಂದು ಬ್ಯಾಗಲ್ಲಿ ಹೋಗುತ್ತೆ. ಬರಹ ಏನಿದ್ರೂ ಎದೆಯಿಂದ ಮೇಲಕ್ಕೆ, ಕೆಳಗೆ ಬರೆದಿದ್ದು ಜನ ನಿಂತ ಮೇಲೆ ಯಾರಿಗೂ ಕಾಣಲ್ಲ.

ಡ್ರಾಯಿಂಗು, ಎತ್ತರ, ಎಷ್ಟು ಕಿಲೋವ್ಯಾಟ್ ಕರೆಂಟ್ ಬೇಕು, ಕರೆಂಟ್ ಬೋರ್ಡು ಯಾವ ಮೂಲೇಲಿ ಬೇಕು, ಎಲ್ಲಾ ಫಾರಂ ತುಂಬಿ ಆರ್ಗನೈಸರಿಗೆ ಮೊದಲೇ ಕಳಿಸ್ಬೇಕು, ತಡ ಆದ್ರೆ ಚಾರ್ಜ್ ಏರುತ್ತೆ. ಅದನ್ನೆಲ್ಲಾ ಮಾಡಿದ್ವಿ.

ಪೊಸೆಷನ್, ಅಂದ್ರೆ ಸ್ಟಾಲ್ ಕಟ್ಟೋಕೆ ಜಾಗ ಕೈಗೆ ಸಿಗೋ ದಿನ ಹಾಲ್ ನೋಡ್ಬೇಕು ನೀವು. ಶೋ ದಿನ ಬಂದೋರಿಗೆ ತಂಪು ಎಸಿ, ಮೆತ್ತನೆ ಕಾರ್ಪೆಟ್ಟು. ಕಟ್ಟೋ ದಿನ ಎಸಿ ಇರಲ್ಲ, ಗೇಟೆಲ್ಲಾ ಬಿಚ್ಚಿರುತ್ತೆ, ಕಟ್ಟರ್ ಸದ್ದು, ಕಟ್ಟಿಗೆ ಪುಡಿ, ಸ್ಪ್ರೇ ಪೇಂಟ್ ವಾಸನೆ, ಒಂದೇ ದಾರೀಲಿ ಫೋರ್ಕ್‌ಲಿಫ್ಟು, ಕಾರ್ಪೆಟ್ ಉರುಳೆ, ನೆಲದ ಮೇಲೆ ಮಲಗಿರೋ ಮಿಸ್ತ್ರಿಗಳು. ಭಾರದ ಮಶೀನ್ ಮೊದಲು ಒಳಗೆ ಹೋಗ್ಬೇಕು, ಸುತ್ತ ಗೋಡೆ ಎದ್ದ ಮೇಲೆ ಫೋರ್ಕ್‌ಲಿಫ್ಟ್ ತಿರುಗೋಕೆ ಜಾಗ ಇರಲ್ಲ. ಸಾವ್ಕಾರ್ರ ಲಾರಿ ಕೊಲ್ಹಾಪುರ, ಸಾತಾರಾ, ಪುಣೆ ಮೇಲೆ ಬಂದು ರಾತ್ರೀನೇ ಮುಂಬೈ ಸೇರಿತ್ತು, ಹಗಲು ದೊಡ್ಡ ಗಾಡಿಗಳಿಗೆ ಊರೊಳಗೆ ಟೈಮಿನ ಕಟ್ಟು ಇರುತ್ತೆ ಅಂತ ನಾನು ಮೊದಲೇ ಹೇಳಿಟ್ಟಿದ್ದೆ. ಎರಡು ಟನ್ನಿನ ಪವರ್ ಪ್ಯಾಕು ಚಾಕಲ್ಲಿ ಬರೆದ ಗುರುತಿನ ಮೇಲೆ ಬೆಳಿಗ್ಗೇನೇ ಕೂತಿತು.

ಎದುರಿನ ದೊಡ್ಡ ಸ್ಟಾಲಿಗೆ ಹಂಗಾಗ್ಲಿಲ್ಲ. ಅವರ ಮಶೀನು ಹೊರದೇಶದಿಂದ ಹಡಗಲ್ಲಿ ಬಂದು ನ್ಹಾವಾ ಶೇವಾದಲ್ಲಿ ಇಳಿದಿತ್ತು. ಮುಂಬೈಲಿ ಶೋ ಮಾಡೋದ್ರ ದೊಡ್ಡ ಅನುಕೂಲವೇ ಇದು, 1989ರಿಂದ ಆ ಬಂದರು ಕೊಲ್ಲಿಯ ಆಚೆ ದಡದಲ್ಲೇ ಇದೆ, ಕಂಟೇನರ್ ಇಳಿಸಿ ಟ್ರೇಲರಿಗೆ ಹಾಕಿದ್ರೆ ಗೋರೆಗಾಂವ್ ಏನು ಮಹಾ ದೂರ ಅಲ್ಲ. ಪ್ರದರ್ಶನಕ್ಕೆ ಅಂತ ಬರೋ ಮಶೀನಿಗೆ ಎಟಿಎ ಕಾರ್ನೆ ಅಂತ ಒಂದು ಪುಸ್ತಕ ಇರುತ್ತೆ, ಅದು ಇದ್ರೆ ಡ್ಯೂಟಿ ಕಟ್ಟೋದು ಬೇಡ, ಶೋ ಮುಗಿಸಿ ಅವಧಿಯೊಳಗೆ ವಾಪಸ್ ಒಯ್ಯಬೇಕು ಅಷ್ಟೆ. ಆದ್ರೆ ಬ್ರೋಷರು, ಹಂಚೋ ಸಾಮಾನು ಅದರಲ್ಲಿ ಬರಲ್ಲ, ಯಾಕಂದ್ರೆ ಅವು ವಾಪಸ್ ಹೋಗೋವಲ್ಲ. ಅವರ ಯಾವ ಪೇಪರ್ ಎಲ್ಲಿ ನಿಂತಿತೋ, ಮಶೀನ್ ಬಂದಿದ್ದು ಸಂಜೆಗೆ, ಅಷ್ಟೊತ್ತಿಗೆ ಅವರ ಕಟ್ಟಿಗೆ ಗೋಡೆ ಎದ್ದು ಪೇಂಟೂ ಆಗಿತ್ತು. ಒಳಗೆ ತರೋಕೆ ಬೇರೆ ದಾರಿ ಇಲ್ದೆ ಆ ಗೋಡೇನ ಗರಗಸದಲ್ಲಿ ಕೊಯ್ದ್ರು. ಮಧ್ಯಾಹ್ನ ಪೂರ್ತಿ ಆ ಗೋಡೆಗೆ ಮರಳು ಕಾಗದ ಉಜ್ಜಿದ ಮಿಸ್ತ್ರೀನೇ ಅದನ್ನ ಕೊಯ್ಯಬೇಕಾಯ್ತು, ನೋಡೋಕೆ ಬಹಳ ಸಂಕಟ ಆಯ್ತು ನನಗೆ.

ನಮ್ಮ ತೊಂದರೆ ಬಂದಿದ್ದು ರಾತ್ರಿ ಹನ್ನೊಂದರ ಮೇಲೆ. ಫಾರಂನಲ್ಲಿ ಕರೆಂಟ್ ಬೋರ್ಡನ್ನ ಹಿಂದಿನ ಬಲಮೂಲೆಗೆ ಕೇಳಿದ್ವಿ, ಅಲ್ಲೇ ನಮ್ಮ ಸ್ಟೋರ್ ರೂಮು. ಕರೆಂಟ್ ಗುತ್ತಿಗೆಯೋನ ಹುಡುಗ ದಪ್ಪ ಕೇಬಲ್ ಎಳಕೊಂಡು ಬಂದು ತ್ರೀ ಫೇಸ್ ಬೋರ್ಡನ್ನ ಹಿಂದಿನ ಎಡಮೂಲೇಲಿ ಇಟ್ಟ, ದಾರಿಯ ಪಕ್ಕದಲ್ಲೇ. ಡ್ರಾಯಿಂಗ್ ತೋರಿಸ್ದೆ, "ಸರ್ ಕೇಬಲ್ ಇತನಾ ಹೀ ಹೈ", ಕೇಬಲ್ ಇರೋದೇ ಇಷ್ಟು ಅಂದ, ಅವನ ಸೂಪರ್‌ವೈಸರ್ ಫೋನ್ ಎತ್ಲಿಲ್ಲ. ನಾವು ಎಷ್ಟು ಸರಿಯಾಗಿ ಫಾರಂ ತುಂಬಿದ್ರೂ ಅದನ್ನ ಓದೋರು ಹಾಲಲ್ಲಿ ಇರಲ್ಲ ಅನ್ನೋದು ಈ ಧಂದೆಯಲ್ಲಿ ನನಗೆ ಈಗ್ಲೂ ಸಿಟ್ಟು ತರಿಸೋ ವಿಷಯ. ಜನ ಓಡಾಡೋ ಕಡೆ ಬೋರ್ಡನ್ನ ಬಯಲಲ್ಲಿ ಬಿಡೋ ಹಂಗಿಲ್ಲ, ಬೀಗ ಹಾಕೋ ಜಾಗ ಬೇಕು. ಸ್ಟೋರ್ ರೂಮೇ ಅಲ್ಲಿಗೆ ಹೋಗ್ಬೇಕು.

ನಮ್ಮ ಫಿಟ್ಟರ್ ಭಾಯ್ ಉತ್ತರ ಪ್ರದೇಶದ ಪೂರ್ವಾಂಚಲದೋರು, ಮಾತು ಕಮ್ಮಿ. ಒಮ್ಮೆ ಆ ಮೂಲೆ ನೋಡಿದ್ರು, ಒಮ್ಮೆ ಈ ಮೂಲೆ ನೋಡಿದ್ರು, "ಹೋ ಜಾಯೇಗಾ" ಅಂತ ಜೇಬಿಂದ ಅಲೆನ್ ಕೀ ತೆಗೆದ್ರು. ಈ ಕಂಬಗಳಿಗೆ ಎಂಟು ಮುಖ, ಎಂಟು ಮುಖದಲ್ಲೂ ಉದ್ದಕ್ಕೆ ತೋಡು ಇರುತ್ತೆ. ಬೀಮಿನ ತುದೀಲಿ ಒಂದು ಲಾಕ್, ಅದನ್ನ ತೋಡಿನೊಳಗೆ ಇಟ್ಟು ಅಲೆನ್ ಕೀ ತಿರುಗಿಸಿದ್ರೆ ಒಳಗೆ ಕಚ್ಕೊಳ್ಳುತ್ತೆ, ಉಲ್ಟಾ ತಿರುಗಿಸಿದ್ರೆ ಬಿಡುತ್ತೆ. ಮೊಳೆ ಇಲ್ಲ, ಅಂಟು ಇಲ್ಲ. ಮೇಲಿನ ಬೀಮು ಸಡಿಲ ಮಾಡಿದ್ರು, ಇಬ್ಬರು ಹುಡುಗರು ಪ್ಯಾನೆಲ್ಲನ್ನ ಮೇಲಕ್ಕೆ ಎಳೆದು ಗೋಡೆಗೆ ಒರಗಿಸಿದ್ರು, ಒಂದು ಮೀಟರ್ ಅಗಲದ ಪ್ಯಾನೆಲ್ಲುಗಳು ಒಂದೊಂದಾಗಿ ಆ ಕಡೆಯಿಂದ ಈ ಕಡೆ ಬಂದವು, ಬಾಗಿಲು ಚೌಕಟ್ಟು ಸಮೇತ ಬಂತು. ಲೈಟ್ ಬಾಕ್ಸನ್ನ ಒಂದು ಮೀಟರ್ ಬಲಕ್ಕೆ ಸರಿಸಿದ್ವಿ. ಮಶೀನಿನ ಕೇಬಲ್ಲನ್ನ ಹಿಂದಿನ ಗೋಡೆ ಸಂದಿಯಲ್ಲಿ, ಆಮೇಲೆ ಬಲಗೋಡೆ ಬುಡದಲ್ಲಿ ಒಯ್ದು ಮುಚ್ಚಿದ್ವಿ, ಯಾರ ಕಾಲಿಗೂ ಸಿಗದ ಹಂಗೆ. ಎದುರುಗಡೆ ಆ ಮಿಸ್ತ್ರಿ ಇನ್ನೂ ಕೊಯ್ದ ಗೋಡೆಗೆ ಪುಟ್ಟಿ ತುಂಬ್ತಾ ಇದ್ದ.

ಸ್ಟೋರ್ ರೂಮ್ ಎಡಕ್ಕೆ ಬಂದಿದ್ರಿಂದ ಪಕ್ಕದ ದಾರಿ ಕಡೆ ಎರಡು ಮೀಟರ್ ಗೋಡೆ ಎದ್ದಿತು, ಅಷ್ಟು ಮಟ್ಟಿಗೆ ಸ್ಟಾಲ್ ಮುಚ್ಚಿದ ಹಂಗೆ ಆಯ್ತು. ಅದನ್ನ ಬಿಳೀ ಬಿಡೋಕೆ ಮನಸ್ಸು ಬರ್ಲಿಲ್ಲ. ಪ್ರಿಂಟರ್‌ಗೆ ರಾತ್ರೀನೇ ಫೈಲ್ ಕಳಿಸಿ, ಬೆಳಗಿನ ಜಾವ ವಿನೈಲ್ ತರಿಸಿ, ಮೇಲೆ ಕಂಪನಿ ಹೆಸರು, ಕೆಳಗೆ ಬೆಳಗಾವಿ ಅಂತ ದೊಡ್ಡದಾಗಿ ಹಾಕಿಸ್ದೆ. ಆ ದಾರಿ ಪಕ್ಕದ ಹಾಲ್‌ನ ಬಾಗಿಲಿಂದ ಬರೋದು, ಬಾಗಿಲು ದಾಟಿದ ಕೂಡ್ಲೇ ಆ ಗೋಡೆ ಕಾಣ್ತಿತ್ತು.

ಬೆಳಿಗ್ಗೆ ಸಾವ್ಕಾರ್ರು ಇಸ್ತ್ರಿ ಅಂಗಿ ಹಾಕ್ಕೊಂಡು ಬಂದು ನಿಂತ್ರು. "ಏನ್ರೀ ಇದು, ರಾತ್ರಿ ನೋಡಿದ್ದ ಬ್ಯಾರೆ, ಈಗ ಬ್ಯಾರೇನ ಐತೆಲ್ಲ?" ಹೇಳ್ದೆ ಹಿಂಗಿಂಗಾಯ್ತು ಅಂತ. ಅವರು ಹೋಗಿ ಕಂಬದ ತೋಡಿನಲ್ಲಿ ಬೆರಳು ಓಡಿಸಿದ್ರು, ಬೀಮು ಹಿಡಿದು ಅಲ್ಲಾಡಿಸಿ ನೋಡಿದ್ರು, ಫಿಟ್ಟರ್ ಭಾಯ್ ಹತ್ರ ಕೀ ಇಸ್ಕೊಂಡು ತಾವೇ ಒಂದು ಲಾಕ್ ತಿರುಗಿಸಿ ನೋಡಿದ್ರು. ನಲವತ್ತು ವರ್ಷ ಮಶೀನ್ ಶಾಪಲ್ಲಿ ಕಳೆದ ಮನುಷ್ಯ. "ಕೆಲಸ ಚೊಲೊ ಐತ್ರಿ" ಅಂದ್ರು, ನನಗೆ ರಾತ್ರಿಯ ನಿದ್ದೆಗೇಡು ಅಲ್ಲೇ ಇಳೀತು.

ಶೋ ಬಗ್ಗೆ ಜಾಸ್ತಿ ಹೇಳೋದಿಲ್ಲ. ಜನ ಒಳಗೆ ಬಂದ್ರು, ಬ್ಲಾಕ್ ಎತ್ತಿ ನೋಡಿದ್ರು, ಕೈ ಒರೆಸೋ ಬಟ್ಟೆ ದಿನಾ ಬದಲಾಯಿಸ್ಬೇಕಾಯ್ತು. ಪುಣೆ ಕಡೆಯೋರೊಬ್ಬರು ಪವರ್ ಪ್ಯಾಕ್ ಪಕ್ಕ ನಿಂತು ಬಹಳ ಹೊತ್ತು ಮಾತಾಡಿ ಡ್ರಾಯಿಂಗ್ ಬಿಡಿಸಿಕೊಂಡು ಹೋದ್ರು.

ಕೊನೇ ದಿನ ಸಂಜೆ ಶೋ ಮುಗೀತು ಅಂತ ಅನೌನ್ಸ್ ಆದ ಹತ್ತು ನಿಮಿಷಕ್ಕೆ ಹಾಲ್ ತುಂಬಾ ಸುತ್ತಿಗೆ ಸದ್ದು. ಬೆಳಿಗ್ಗೆ ತನಕ ಜನ ಸೆಲ್ಫಿ ತಗೊಳ್ತಿದ್ದ ಕಮಾನುಗಳು ಧಡಾರ್ ಅಂತ ಬೀಳ್ತವೆ, ಮೊಳೆ ಎದ್ದ ಪ್ಲೈ ಚೂರು, ಒಡೆದ ಅಕ್ರಿಲಿಕ್ ಅಕ್ಷರ, ಎಲ್ಲಾ ಗುಜರಿ ಭಂಗಾರ್‌ವಾಲಾಗಳ ಟೆಂಪೋಗೆ. ಒಳ್ಳೆ ಮರದ ಕೆಲಸ, ಒಳ್ಳೆ ಕೈ, ಮೂರು ದಿನದ ಆಯುಷ್ಯ. ಇದನ್ನ ಪ್ರತೀ ಸಲ ನೋಡ್ತೀನಿ, ಪ್ರತೀ ಸಲ ಹೊಟ್ಟೆ ಉರಿಯುತ್ತೆ. ಬಾಡಿಗೆ ಸ್ಟಾಲಲ್ಲೂ ವ್ಯರ್ಥ ಇಲ್ಲ ಅಂತಲ್ಲ, ನೆಲದ ಕಾರ್ಪೆಟ್ಟು ಒಂದೇ ಸಲದ್ದು, ಅಂಟಿಸಿದ ವಿನೈಲೂ ಹೋಗುತ್ತೆ. ಆದ್ರೆ ಕಂಬ, ಬೀಮು, ಪ್ಯಾನೆಲ್ಲು, ಲೈಟು ಅಷ್ಟೂ ಎಣಿಸಿ ಭಿವಂಡಿಗೆ ವಾಪಸ್ ಹೋದವು. ಸಾವ್ಕಾರ್ರು ಎದುರಿನ ಸ್ಟಾಲ್ ಬೀಳೋದನ್ನ ನಿಂತು ನೋಡಿ, "ಇದಕ್ಕ ಎಷ್ಟ್ ಕೊಟ್ಟಿರಬೇಕ್ರಿ?" ಅಂದ್ರು. ನಾನು ಅಂದಾಜು ಹೇಳ್ದೆ, ಅವರು ತಲೆ ಅಲ್ಲಾಡಿಸಿದ್ರು.

ಈಗ ಅವರು ಬೆಂಗಳೂರಿನ ಇಮ್ಟೆಕ್ಸ್ ಅನ್ನೋ ಮಶೀನ್ ಟೂಲ್ ಪ್ರದರ್ಶನಕ್ಕೂ ನಮ್ಮ ಹತ್ರನೇ ಮಾಡಿಸ್ತಿದಾರೆ, ತುಮಕೂರು ರಸ್ತೆ ಮಾದಾವರದ ಬಿಐಇಸಿ ಎಕ್ಸಿಬಿಷನ್ ಸೆಂಟರಲ್ಲಿ. ಜಾಗ ಅಷ್ಟೇ 36 ಚದರ ಮೀಟರ್, ಆಕಾರ ಮಾತ್ರ ಬೇರೆ, ಒಂಬತ್ತು ಬೈ ನಾಲ್ಕು. ಕಂಬಗಳು ಅವೇ, ಲೈಟ್ ಬಾಕ್ಸಿನ ಬಟ್ಟೆಯೂ ಅದೇ. ಡ್ರಾಯಿಂಗ್ ಕಳಿಸಿದ್ದಕ್ಕೆ ಸಾವ್ಕಾರ್ರು ಏನೂ ಬದಲಾಯಿಸೋಕೆ ಹೇಳ್ಲಿಲ್ಲ, ಅವರ ಹುಡುಗರು ಮಾತ್ರ ಮುಂಬೈಲಿ ಬ್ಯಾಗು, ಊಟದ ಡಬ್ಬಿ ಇಡೋಕೆ ಜಾಗ ಸಾಲ್ಲಿಲ್ಲ ಸರ, ಸ್ಟೋರ್ ರೂಮ್ ಒಂದು ಮೀಟರ್ ಜಾಸ್ತಿ ಮಾಡಿ ಕೊಡ್ರಿ ಅಂತ ಕೇಳಿದ್ರು. ದಿನವಿಡೀ ನಿಂತು ಮಾತಾಡೋರು ಅವರೇ ತಾನೇ, ಒಂದು ಪ್ಯಾನೆಲ್ ಸೇರಿಸಿ ಕೊಟ್ಟಿದೀನಿ.