56 ಅಕ್ಷರಗಳ ವಿಳಾಸ
ನಿನ್ನೆ ರಾತ್ರಿ ವಿಜಯಪುರದ ನಮ್ಮ ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ, ನಾವು ಎಲ್ಲಿಂದ ಏನು ನೋಡುತ್ತಿದ್ದೇವೆಂಬುದನ್ನು ಮರೆಮಾಡುವ ಟಾರ್ ಬ್ರೌಸರ್ ತೆರೆದು, ಬಿಬಿಸಿ ಸುದ್ದಿಯನ್ನು ಮೊದಲ ಬಾರಿಗೆ ಅದರ ಆನಿಯನ್ ವಿಳಾಸದ, ಅಂದರೆ ಟಾರ್ ಜಾಲದೊಳಗೆ ಮಾತ್ರ ತೆರೆಯುವ ವಿಳಾಸದ, ಮೂಲಕವೇ ಓದಿದೆ. ಪುಟ ತೆರೆದುಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ವಿಳಾಸದ ಪಕ್ಕದ ಗುರುತನ್ನು ಒತ್ತಿದಾಗ ನನ್ನ ಕಡೆಯ ಮೂರು ರಿಲೇಗಳ, ಅಂದರೆ ಸಂಪರ್ಕವನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುವ ಕಂಪ್ಯೂಟರ್‌ಗಳ, ದೇಶಗಳು ಒಂದರ ಕೆಳಗೊಂದು ಕಂಡವು. ತಾಣದ ಕಡೆಯ ರಿಲೇಗಳಿಗೆ ಮಾತ್ರ ಯಾವ ದೇಶದ ಹೆಸರೂ ಇರಲಿಲ್ಲ.

ನಮ್ಮ ಕಡೆಯ ಉಳ್ಳಾಗಡ್ಡಿಯ ಪದರಗಳಂತೆ ಒಂದರೊಳಗೊಂದು ಎನ್‌ಕ್ರಿಪ್ಟ್ ಆಗಿ, ಅಂದರೆ ಬೇರೆಯವರು ಓದಲಾಗದ ಗೂಢರೂಪದಲ್ಲಿ, ಸಾಗುವ ಈ ಪುಟದ ಕೋರಿಕೆಯು ಟಾರ್ ಜಾಲದಿಂದ ಹೊರಗೆ ಬರುವುದೇ ಇಲ್ಲವಾದ್ದರಿಂದ, ಸಾಮಾನ್ಯ ತಾಣಗಳಿಗೆ ಹೋಗುವಾಗ ಬೇಕಾಗುವ ಕೊನೆಯ ನಿರ್ಗಮನ ರಿಲೇಯ ಮೇಲೆ ಇಲ್ಲಿ ನಂಬಿಕೆ ಇಡಬೇಕಾಗಿಲ್ಲ. ನಾನು ಎಲ್ಲಿದ್ದೇನೆಂಬುದು ತಾಣಕ್ಕೆ ತಿಳಿಯದು, ನಾನು ಯಾವ ತಾಣದಲ್ಲಿದ್ದೇನೆಂಬುದು ಇಂಟರ್ನೆಟ್ ಕಂಪನಿಗೆ ತಿಳಿಯದು; ಟಾರ್ ಬಳಸುತ್ತಿರುವುದು ಮಾತ್ರ ಅವರಿಗೆ ಕಾಣಬಹುದು. ನಮ್ಮದೇ ಹೆಸರಿನ ಖಾತೆಗೆ ಲಾಗಿನ್ ಆದರಂತೂ ನಾವು ಯಾರೆಂದು ಆ ತಾಣಕ್ಕೆ ನಾವೇ ಹೇಳಿದಂತಾಗುತ್ತದೆ.

ಗೋಳಗುಮ್ಮಟದ ಗ್ಯಾಲರಿಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ್ದು ಎದುರು ಬದಿಯಲ್ಲಿ ಸ್ಪಷ್ಟವಾಗಿ ಕೇಳಿಸುವುದನ್ನು ಕಂಡು ಬೆಳೆದ ನನಗೆ, ತನ್ನ ಕಾಯಿಲೆಯ ಬಗ್ಗೆ ಓದಲು ಕುಳಿತ ಹೆಣ್ಣುಮಗಳೊಬ್ಬಳ ಹುಡುಕಾಟವು ಅಪರಿಚಿತರ ಕಿವಿಗೆ ಬೀಳಬಾರದೆಂಬ ಆಸೆ ಬಹಳ ಸಹಜವೆನಿಸುತ್ತದೆ.

ಆನಿಯನ್ ವಿಳಾಸದ 56 ಅಕ್ಷರಗಳು ತಾಣದ ಸಾರ್ವಜನಿಕ ಕೀಲಿಯಿಂದಲೇ (ತಾಣದ ಗುರುತನ್ನು ಪರೀಕ್ಷಿಸಲು ಎಲ್ಲರಿಗೂ ಸಿಗುವ ಗೂಢಲಿಪಿಯ ಸಂಖ್ಯೆ) ಹುಟ್ಟುವುದರಿಂದ, ವಿಳಾಸ ಸರಿಯಾಗಿದ್ದರೆ ತಾಣವೂ ಅಸಲಿಯೇ. ಆದರೆ ನಕಲಿ ವಿಳಾಸ ಹಂಚುವವರೂ ಇದ್ದಾರೆ. ಆದ್ದರಿಂದ ಸಂಸ್ಥೆಯೇ ಪ್ರಕಟಿಸಿದ ವಿಳಾಸವನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿ, ಅನಂತರವೇ ಬುಕ್‌ಮಾರ್ಕ್ ಮಾಡಿಕೊಂಡೆ.