ಸಾಸಿವೆ ಡಬ್ಬಿಯ ನೆನಪು

ಪೋರ್ಟ್‌ಲ್ಯಾಂಡಿನ ನಮ್ಮ ಬಿಲ್ಡಿಂಗಿನ ಮೇಲ್ಮನೆ ಹುಡುಗ ನಿನ್ನೆ ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡ್ಕೊಂಡು ಮೆಟ್ಟಿಲ ಮೇಲೇ ಕೂತಿದ್ದ. ಪಿಜ್ಜಾ ಅಂಗಡೀಲಿ ಪಾತ್ರೆ ತೊಳೆದು, ಕಾಲೇಜಿಗೆ ಅಂತ ತಿಂಗಳಿಗೆ 25 ಡಾಲರ್ ಐಡಿಎ ಅನ್ನೋ ಖಾತೆಗೆ ಕಟ್ತಾನೆ; ಕಡಿಮೆ ಆದಾಯದವರಿಗಿರೋ ಉಳಿತಾಯ ಯೋಜನೆ ಅದು. ಅವನು ಹಾಕಿದ ಪ್ರತಿ ಡಾಲರಿಗೂ ಯೋಜನೆಯವರು ತಮ್ಮ ಪಾಲು ಸೇರಿಸ್ತಾರೆ. ಆ ಪಾಲು ಕೈಗೆ ಸಿಗಲ್ಲ, ಸೀದಾ ಕಾಲೇಜಿಗೇ ಹೋಗುತ್ತೆ. ನಡುವೆ ದುಡ್ಡು ನಿಭಾಯಿಸೋ ಪಾಠ ಬೇರೆ. ಅದು ಮಾತ್ರ ಮಹಾ ಬೋರಂತೆ!

ಬಡವರಿಗೆ ಬರೀ ಖರ್ಚಿಗೆ ಕೊಟ್ಟರೆ ಸಾಲದು, ಒಂದಿಷ್ಟು ಆಸ್ತಿ ಕೂಡಿಡೋಕೂ ನೆರವಾಗಬೇಕು ಅಂತ ಅಮೆರಿಕದ ಪ್ರೊಫೆಸರ್ ಮೈಕಲ್ ಶೆರಾಡನ್ 1991ರಲ್ಲೇ ಬರೆದಿದ್ದರು. 1998ರಲ್ಲಿ ಅಮೆರಿಕದಲ್ಲಿ ಇದಕ್ಕೊಂದು ಕಾನೂನೂ ಬಂತು. 2017ರ ಹೊತ್ತಿಗೆ ಕೇಂದ್ರದ ಅನುದಾನ ನಿಂತೇಹೋಯ್ತು. ನಮ್ಮ ಆರೆಗಾನ್ ರಾಜ್ಯದ್ದೇ ಯೋಜನೆ ಇರೋದರಿಂದ ಇಲ್ಲಿ ಉಳ್ಕೊಂಡಿದೆ. ನಿಲ್ಲಿಸಿದ್ದು ಜಿಪುಣತನ ಅಂತಲೇ ನನಗನ್ನಿಸೋದು.

ನನ್ನ ಪಿಯುಸಿ ಫೀಸಿಗೆ ಅಜ್ಜಿ ಸಾಸಿವೆ ಡಬ್ಬಿಯಿಂದ ನೋಟು ತೆಗೆದಿದ್ದಳು. ನಾಲ್ಕು ಮಡಿಕೆ, ಒಳಗೊಂದೆರಡು ಸಾಸಿವೆ ಕಾಳು. ಕೌಂಟರಿನಲ್ಲಿ ಗುಮಾಸ್ತರು ನೋಟು ಬಿಡಿಸಿದಾಗ ಟೇಬಲ್ ಮೇಲೆಲ್ಲ ಉರುಳಿದ್ವು. ಅಜ್ಜಿಯ ದುಡ್ಡಿಗೆ ಯಾರೂ ಒಂದು ರೂಪಾಯಿ ಸೇರಿಸಿರಲಿಲ್ಲ.

"ಕ್ಯಾಲ್ಕುಲಸ್ ಪುಸ್ತಕಕ್ಕೆ ಇಷ್ಟೊಂದು ರೇಟಾ?" ಅಂತ ಫೋನು ತೋರಿಸಿದ ಹುಡುಗ. ಹಳೇದು ಹುಡುಕೋ ಮಾರಾಯ, ಅಂದೆ.