ಬೇಸಿಗೆಯ ಬೇಸ್‌ಬಾಲ್ ಶಿಬಿರ: ಮೂರನೆಯ ವಾರದ ಹೊತ್ತಿಗೆ

ಮೈಸೂರಿನ ಕುವೆಂಪುನಗರದ ಶಾಲಾ ಮೈದಾನವೊಂದರಲ್ಲಿ ನಾನು ನಡೆಸುತ್ತಿರುವ ಬೇಸ್‌ಬಾಲ್ ಶಿಬಿರಕ್ಕೆ ಇಂದಿಗೆ ಮೂರು ವಾರ ತುಂಬಿತು. ಹನ್ನೊಂದು, ಹನ್ನೆರಡು ವರ್ಷದ ಹದಿನೆಂಟು ಮಕ್ಕಳಿದ್ದಾರೆ; ಬಿಸಿಲೇರುವ ಮೊದಲೇ ಮುಗಿಸಬೇಕಾದುದರಿಂದ ಬೆಳಿಗ್ಗೆ ಆರೂವರೆಯಿಂದ ಎಂಟೂವರೆಯವರೆಗೆ ಮಾತ್ರ ಅಭ್ಯಾಸ. ಹೆಚ್ಚಿನವರು ಕ್ರಿಕೆಟ್ ಆಡಿ ಬೆಳೆದವರಾದ್ದರಿಂದ ನನ್ನ ಕೆಲಸ ಅರ್ಧ ಹಗುರವಾದೀತೆಂದು ಎಣಿಸಿದ್ದೆ. ಚೆಂಡಿನ ಮೇಲೆ ಕಣ್ಣಿಡುವುದನ್ನು ಯಾರಿಗೂ ಹೇಳಿಕೊಡಬೇಕಾಗಲಿಲ್ಲ, ನಿಜ. ಆದರೆ ಮೈಗೆ ಹತ್ತಿದ ರೂಢಿಗಳನ್ನು ಬಿಡಿಸುವುದರಲ್ಲೇ ಮೊದಲ ವಾರ ಕಳೆದುಹೋಯಿತು.

ಅದಕ್ಕೂ ಮೊದಲು ಮೈದಾನದ ಮಾತು. ಓಟಗಾರ ಒಂದೊಂದಾಗಿ ಮುಟ್ಟುತ್ತ ಸುತ್ತಬೇಕಾದ ಚೌಕದ ನಾಲ್ಕು ಮೂಲೆಗಳೇ ಬೇಸ್‌ಗಳು. ದೊಡ್ಡವರ ಆಟದಲ್ಲಿ ಬೇಸ್‌ನಿಂದ ಬೇಸ್‌ಗೆ 90 ಅಡಿ ಅಂತರ. ಮಕ್ಕಳ ಬೇಸ್‌ಬಾಲ್ ನಡೆಸುವ ಲಿಟಲ್ ಲೀಗ್ ಸಂಸ್ಥೆಯ ಅಳತೆಯಲ್ಲಿ ಈ ವಯಸ್ಸಿನವರಿಗೆ 60 ಅಡಿ, ಚೆಂಡು ಎಸೆಯುವ ಪಿಚರ್ ನಿಲ್ಲುವುದು ಹೋಮ್ ಪ್ಲೇಟಿನಿಂದ, ಅಂದರೆ ಬ್ಯಾಟು ಬೀಸುವ ಮೂಲೆಯಿಂದ, 46 ಅಡಿ ದೂರದಲ್ಲಿ. ನಾನೂ ಶಾಲೆಯ ಪಿ.ಟಿ. ಮೇಷ್ಟ್ರೂ ನಾಲ್ಕು ಬದಿಯನ್ನೂ ಸರಿಯಾಗಿ 60 ಅಡಿ ಅಳೆದೆವು, ಆದರೂ ಚೌಕ ಸೊಟ್ಟಗೇ ಕಾಣುತ್ತಿತ್ತು. ಹೋಮ್ ಪ್ಲೇಟಿನಿಂದ ಎರಡನೆಯ ಬೇಸಿಗೆ ಟೇಪು ಎಳೆದು, ಕರ್ಣ 84 ಅಡಿ 10 ಅಂಗುಲ ಬರುವಂತೆ ಸರಿಸಿದ ಮೇಲೆ ಮೂಲೆಗಳು ನೆಟ್ಟಗಾದವು. ಸುಣ್ಣ ಕಣ್ಣಿಗೆ ಬಿದ್ದೀತೆಂಬ ಭಯದಿಂದ ಗೆರೆಗೆ ರಂಗೋಲಿ ಪುಡಿ ಹಾಕಿದೆವು. ಮರಳು ತುಂಬಿ ಹೊಲಿದ ಗೋಣಿಚೀಲಗಳೇ ಬೇಸ್‌ಗಳು.

ಎರಡನೆಯ ದಿನ ಒಬ್ಬ ಹುಡುಗ ಚೆಂಡನ್ನು ಚೆನ್ನಾಗಿಯೇ ಹೊಡೆದು, ಬ್ಯಾಟನ್ನು ಹಿಡಿದುಕೊಂಡೇ ಮೊದಲ ಬೇಸಿಗೆ ಓಡಿ, ಕೊನೆಯಲ್ಲಿ ಬಗ್ಗಿ, ಗೋಣಿಚೀಲಕ್ಕೆ ಬ್ಯಾಟಿನ ತುದಿ ಮುಟ್ಟಿಸಿ ನನ್ನತ್ತ ಹೆಮ್ಮೆಯಿಂದ ನೋಡಿದ. ನಗು ತಡೆದುಕೊಳ್ಳುವುದು ಕಷ್ಟವಾಯಿತು. ಬ್ಯಾಟನ್ನು ಬಿಟ್ಟು ಓಡಬೇಕೆಂದು ಹೇಳಿದಾಗ ಮರುದಿನ ಇನ್ನೊಬ್ಬ ಅದನ್ನು ಹಿಂದಕ್ಕೆ ಬೀಸಿಯೇ ಎಸೆದ. ಅದು ಹೊಡೆಯುವವನ ಹಿಂದೆ ಚೆಂಡು ಹಿಡಿಯಲು ಕೂತ ಕ್ಯಾಚರ್‌ನ ಮೊಣಕಾಲಿನ ಪಕ್ಕದಲ್ಲೇ ಹೋಯಿತು. ಈಗ ಹೋಮ್ ಪ್ಲೇಟಿನ ಪಕ್ಕದಲ್ಲಿ ಹಳೆಯ ಸ್ಕೂಟರ್ ಟೈರೊಂದನ್ನು ಇಟ್ಟಿದ್ದೇನೆ. ಬ್ಯಾಟು ಅದರೊಳಗೆ ಬಿದ್ದರಷ್ಟೇ ಓಟಕ್ಕೆ ಲೆಕ್ಕ.

ಲಗೋರಿಯ ರೂಢಿ ಇದಕ್ಕಿಂತ ಗಟ್ಟಿ. ಓಡುವವನ ಬೆನ್ನಿಗೆ ಗುರಿಯಿಟ್ಟು ಚೆಂಡು ಬೀಸುವುದನ್ನು ಗಲ್ಲಿಯಲ್ಲಿ ಕಲಿತ ಮಕ್ಕಳಿಗೆ, ಇಲ್ಲಿ ಚೆಂಡನ್ನು ಕೈಯಲ್ಲೇ ಹಿಡಿದು ಓಟಗಾರನನ್ನು ಮುಟ್ಟಬೇಕು, ಅಥವಾ ಅವನು ಹೋಗಲೇಬೇಕಾದ ಬೇಸನ್ನು ಚೆಂಡಿನೊಂದಿಗೆ ಮೊದಲೇ ತುಳಿಯಬೇಕು ಎಂಬುದು ತಲೆಗೆ ಹೋದರೂ ಕೈಗೆ ಬರುವುದಿಲ್ಲ. ಮೊದಲ ಹತ್ತು ದಿನ ಟೆನಿಸ್ ಚೆಂಡಿನಲ್ಲೇ ಆಡಿಸಿದ್ದು ಒಳ್ಳೆಯದಾಯಿತು. ನಾಲ್ಕು ಬೆನ್ನುಗಳು ಅದರಿಂದ ಉಳಿದವು.

ಎಸೆತವನ್ನು ಎರಡನೆಯ ವಾರ ಕೈಗೆತ್ತಿಕೊಂಡೆ. 'ಸಾರ್, ಮೊಣಕೈ ಮಡಚಿದ್ರೆ ನೋ ಬಾಲ್ ಅಲ್ವಾ?' ಎಂಬ ಪ್ರಶ್ನೆ ಮೊದಲ ನಿಮಿಷದಲ್ಲೇ ಬಂತು, ಅದು ನ್ಯಾಯವಾದ ಪ್ರಶ್ನೆಯೇ. ಬೌಲಿಂಗಿನಲ್ಲಿ ತಪ್ಪೆಂದು ಬೈಸಿಕೊಂಡಿದ್ದನ್ನೇ ಇಲ್ಲಿ ಮಾಡಬೇಕು: ಮೊಣಕೈಯನ್ನು ಭುಜದ ಮಟ್ಟಕ್ಕೆ ತಂದು, ಎದುರಿನ ಕಾಲನ್ನು ಮುಂದಿಟ್ಟು, ಸೊಂಟ ತಿರುಗಿದ ಮೇಲೆ ತೋಳು ಹಿಂಬಾಲಿಸಬೇಕು. ತೋಳಿನಿಂದಲೇ ವೇಗ ಹಿಂಡಲು ಹೋದರೆ ಬೆಳೆಯುವ ಮೂಳೆಗೆ ಪೆಟ್ಟು. ಲಿಟಲ್ ಲೀಗ್ ನಿಯಮದಲ್ಲಿ 11–12 ವರ್ಷದವರಿಗೆ ದಿನಕ್ಕೆ 85 ಎಸೆತಗಳ ಮಿತಿ, 66 ತಲುಪಿದರೆ ನಾಲ್ಕು ದಿನ ಪಿಚಿಂಗ್ ಇಲ್ಲ. ಹೊಸ ತೋಳುಗಳಿಗೆ ಅದೂ ಹೆಚ್ಚೆನ್ನಿಸಿ ನಾನು 30ಕ್ಕೇ ನಿಲ್ಲಿಸುತ್ತೇನೆ, ಗಾಳಿಯಲ್ಲಿ ಬಾಗುವ ಎಸೆತವಾದ ಕರ್ವ್ ಬಾಲನ್ನು ಕಲಿಸುವುದಿಲ್ಲ. ಇದಕ್ಕೆ ಒಬ್ಬಿಬ್ಬರು ತಂದೆಯರ ಮುಖ ಸಣ್ಣದಾಗಿದೆ, ಆಗಲಿ.

ಎಲ್ಲರಿಗಿಂತ ಬೇಗ ಎಸೆತ ಕೂಡಿಬಂದದ್ದು ಕ್ರಿಕೆಟ್ ಬ್ಯಾಟನ್ನೇ ಮುಟ್ಟದ ಒಬ್ಬ ಹುಡುಗಿಗೆ. ಅವಳು ಎಸೆಯುವುದು ಎಡಗೈಯಲ್ಲಿ. ಹಾಗಾಗಿ ಗ್ಲೌಸ್ ಬಲಗೈಗೆ ಬೇಕು. ನಾನು ತರಿಸಿದ ಅಂಗಡಿಯವರು ಎರಡು ಸಲವೂ ಎಡಗೈಯದನ್ನೇ ಕಳಿಸಿದರು. ಮೂರನೆಯದು ಬರುವವರೆಗೆ ಅವಳು ಬರಿಗೈಯಲ್ಲಿ ಟೆನಿಸ್ ಚೆಂಡನ್ನೇ ಹಿಡಿಯುತ್ತಿದ್ದಾಳೆ, ಉಳಿದವರು ಚರ್ಮದ ಚೆಂಡಿಗೆ ಬಂದಾಗಿದೆ.